ನೀರು ಕೇಳುವ ಕೆಲಸ

ಮುಳಬಾಗಿಲಿನ ನಮ್ಮ ಹೈಸ್ಕೂಲಿನಲ್ಲಿ ಗಂಟೆಯ ಬದಲು ಒಂದು ತುಂಡು ರೈಲು ಕಂಬಿ ನೇತುಹಾಕಿದ್ದರು. ಅದನ್ನು ನಾನು ಒಂದೇ ವರ್ಷದಲ್ಲಿ ಮೂರು ಸಲ ಮಧ್ಯಾಹ್ನ ಎರಡೂವರೆಗೇ ಬಾರಿಸಿ ಇಡೀ ಶಾಲೆಯನ್ನು ಮನೆಗೆ ಕಳಿಸಿದ್ದೇನೆ. ಮೂರನೇ ಸಲವಂತೂ ಮೇಷ್ಟ್ರೊಬ್ಬರು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಸೇರಿಬಿಟ್ಟಿದ್ದರು. ಅಂಥವನು ಹತ್ತನೇ ಕ್ಲಾಸು ಫೇಲಾದರೆ ಶಾಲೆಯವರು ಮತ್ತೆ ಬಾ ಅನ್ನುತ್ತಾರೆಯೇ? ಅನ್ನಲಿಲ್ಲ. ಮುಂದೆ ಕೋಲಾರದ ಒಂದು ಫೈನಾನ್ಸ್ ಕಂಪನಿಯಲ್ಲಿ ಮ್ಯಾನೇಜರಾಗಿ, ಊರಿನ ಅರ್ಧ ಜನರ ಸಾಲದ ಅರ್ಜಿಗೆ ಹೂಂ ಅಥವಾ ಊಹೂಂ ಅಂದು ರಿಟೈರಾದವನು ನಾನು. ಆ ವಿದ್ಯೆ ಕಲಿತದ್ದು ಅತ್ತೆಯ ಮನೆಯಲ್ಲಿ, ಅದೂ ನೀರು ಕುಡಿದು. ನನ್ನ ಮೊಮ್ಮಗಳು ಈಗ ಪಿಯುಸಿ ಮುಗಿಸಿ ಅಂಥದೇ ಒಂದು ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದ್ದಾಳೆ. ಮನುಷ್ಯನ ನಂಬರು ಒತ್ತಿದರೆ ಅವನು ಸಾಲ ತೀರಿಸುವ ಜಾತಿಯೋ ಅಲ್ಲವೋ ಎಂಬುದಕ್ಕೆ ಮೂರಂಕಿಯ ಮಾರ್ಕ್ಸು ಬರುತ್ತದೆ ಎಂದು ಮೊಬೈಲು ತೋರಿಸುತ್ತಾಳೆ. ನಿಮ್ಮ ಕಾಲದಲ್ಲಿ ಇದನ್ನೆಲ್ಲ ಹೆಂಗೆ ಕಂಡುಹಿಡೀತಿದ್ರಿ ತಾತ ಎಂದು ಮೊನ್ನೆ ಕೇಳಿದಳು. ಈ ಅಧ್ಯಾಯ ಅವಳಿಗೆ ಉತ್ತರ. ಅವಳು ಓದುವುದಿಲ್ಲ ಎಂಬುದು ಬೇರೆ ಮಾತು.

ನಾನು ಹುಟ್ಟಿದ್ದು ರಾಯಲ್ಪಾಡಿನ ಮಗ್ಗುಲ ಹಳ್ಳಿಯಲ್ಲಿ. ಆರನೇ ವಯಸ್ಸಿಗೇ ಅಪ್ಪ ನನ್ನನ್ನು ತಂದು ಮುಳಬಾಗಿಲಿನಲ್ಲಿದ್ದ ತನ್ನ ಅಕ್ಕನ ಮನೆಯಲ್ಲಿ ಬಿಟ್ಟ. ಓದಿಗೆ ಅನುಕೂಲ ಎಂದು ಊರಲ್ಲಿ ಹೇಳಿಕೊಂಡಿದ್ದ. ವ್ಯಾಪಾರಿಗೆ ಕಟ್ಟಿಟ್ಟಿದ್ದ ಟೊಮೆಟೊ ಬುಟ್ಟಿಯ ತಳದಲ್ಲಿ ನಾನು ಕಪ್ಪೆ ಇಟ್ಟಿದ್ದೇ ನಿಜವಾದ ಕಾರಣ. ಅತ್ತೆಯ ಹೆಸರು ಪಾಪಮ್ಮ. ಊರಿನವರ ಬಾಯಲ್ಲಿ ಚೀಟಿ ಪಾಪಮ್ಮ. ಮಕ್ಕಳಿರಲಿಲ್ಲ. ಅವಳ ಗಂಡ, ನನ್ನ ಮಾವ, ಬಸ್ ಕಂಡಕ್ಟರ್ ಕೆಲಸ ಬಿಟ್ಟು ಮನೆಯಲ್ಲಿ ಕೂತವನು, ಚೀಟಿಯ ಪುಸ್ತಕ ಬರೆಯುತ್ತಿದ್ದ. ಅತ್ತೆಗೆ ಸಹಿ ಹಾಕುವುದು ಬಿಟ್ಟರೆ ಬರಹ ಬಾರದು. ಬೀದಿಗೆ ಜಗಲಿ, ಜಗಲಿ ದಾಟಿದರೆ ಕೆಂಪು ಗಾರೆಯ ಪಡಸಾಲೆ, ಅದರ ಹಿಂದೆ ರಾಗಿ ಚೀಲಗಳ ನಡುಮನೆ, ಕೊನೆಯಲ್ಲಿ ಅಡುಗೆಮನೆ. ಅಡುಗೆಮನೆಯ ಅಟ್ಟದ ತುಂಬ ಸೌದೆ. ನಾವು ಮೂವರೂ ಉಣ್ಣುತ್ತಿದ್ದದ್ದು ಆ ಸೌದೆಯ ಕೆಳಗೆ. ಆಗಾಗ ಸಾರಿಗೆ ತೊಗಟೆ ಉದುರುತ್ತಿತ್ತು. ಪಡಸಾಲೆ ಮಾತ್ರ ತಿಂಗಳ ಮೊದಲ ಭಾನುವಾರ ತೊಳೆಸಿಕೊಂಡು, ಚಾಪೆ ಹಾಸಿಕೊಂಡು, ಆಫೀಸಾಗುತ್ತಿತ್ತು.

ಚೀಟಿ ಗೊತ್ತಿಲ್ಲದ ಪುಣ್ಯವಂತರಿಗೆ ಎರಡು ಮಾತು. ಇಪ್ಪತ್ತು ಜನ ತಿಂಗಳು ತಿಂಗಳು ಕಂತು ಕಟ್ಟುತ್ತಾರೆ. ಭಾನುವಾರ ಕೂಗು, ಅಂದರೆ ಹರಾಜು. ನನಗೆ ಇಷ್ಟು ಕಡಿಮೆ ಕೊಟ್ಟರೂ ಸಾಕು ಎಂದು ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಆ ತಿಂಗಳ ಮೊತ್ತ ಅವರಿಗೆ. ಬಿಟ್ಟದ್ದು ಎಲ್ಲರಿಗೂ ಹಂಚಿಕೆ. ಎತ್ತಿದವನು ಆಮೇಲೂ ಕೊನೆಯವರೆಗೆ ಕಟ್ಟಬೇಕು. ಎತ್ತಿಕೊಂಡು ಆಂಧ್ರದ ಗಡಿ ದಾಟಿಬಿಟ್ಟರೆ? ಅದಕ್ಕೇ ಜಾಮೀನು. ಅತ್ತೆ ಕೂಗಿಗೆ ಮೊದಲು ಎಲ್ಲರಿಗೂ ಅವರೆಕಾಳಿನ ಗುಗ್ಗರಿ ಹಾಕುತ್ತಿದ್ದಳು. ಇಷ್ಟೊಂದು ಯಾಕೆ ಎಂದು ಮಾವ ಪ್ರತಿ ಭಾನುವಾರ ಜಗಳ ತೆಗೆಯುತ್ತಿದ್ದ, ಪ್ರತಿ ಭಾನುವಾರ ಅತ್ತೆಯದು ಒಂದೇ ಉತ್ತರ.

"ಹಸ್ಕೊಂಡ್ ಕೂಗಿದೋನು ಜಾಸ್ತಿ ಬಿಡ್ತಾನೆ. ಆಮೇಲೆ ಮನೇಗ್ ಹೋಗಿ ಅಳ್ತಾನೆ. ಅತ್ತಿರೋ ದುಡ್ಡು ನಂಗೆ ಬೇಡ."

ಹಣ ಕೊಡುವ ದಿನ ಇನ್ನೊಂದು ಪದ್ಧತಿ. ಒಂದು ಬೆಲ್ಲದ ಉಂಡೆ ತಂದು ಅತ್ತೆ ಕೈಯಲ್ಲೇ ಮುರಿಯುತ್ತಿದ್ದಳು. ಅರ್ಧ ಚೀಟಿ ಎತ್ತಿದವನಿಗೆ, ಅರ್ಧ ಜಾಮೀನು ನಿಂತವನಿಗೆ. ಇಬ್ಬರೂ ಅವಳ ಎದುರೇ ತಿನ್ನಬೇಕು. ಸಹಿ ಎಲ್ಲ ಅದಾದ ಮೇಲೆ.

ನಾನು ಫೇಲಾದ ಸುದ್ದಿ ಕೇಳಿ ಅಪ್ಪ ಬಂದ. ಪಡಸಾಲೆಯಲ್ಲಿ ಕೂತು ನನ್ನ ಕಡೆ ನೋಡದೆ, ಕಂಬದ ಹತ್ತಿರ ಮಾತಾಡಿದ.

"ಕರ್ಕೊಂಡ್ ಹೋಗ್ತೀನಿ ಅಕ್ಕ. ಇವನ ಸೋದರಮಾವ ಮಾಲೂರಲ್ಲಿ ಇಟ್ಟಿಗೆ ಗೂಡಿಗೆ ಮೇಸ್ತ್ರಿ ಆಗವ್ನೆ. ಅಲ್ ಹಾಕಿದ್ರೆ ಮೈ ಬಗ್ಗುತ್ತೆ."

"ಒಂದ್ ವರ್ಷ ನನ್ ಹತ್ರ ಬಿಡು. ನನ್ ಕೆಲ್ಸ ಕಲಿಸ್ತೀನಿ. ಕಲೀಲಿಲ್ಲಾಂದ್ರೆ ಮಾಲೂರಿನ ಇಟ್ಟಿಗೆ ಎಲ್ಲೂ ಓಡೋಗಲ್ಲ."

"ಏನ್ ಕಲಿಸ್ತೀಯ ಈ ಕೋತಿಗೆ?"

"ನೀರು ಕುಡಿಯೋದು."

ಅಪ್ಪ ತಮಾಷೆ ಅಂದುಕೊಂಡ. ನಾನೂ. ಮರುದಿನವೇ ಗೊತ್ತಾಯಿತು, ಅದೇ ಕೆಲಸ. ಯಾರಾದರೂ ಚೀಟಿ ಎತ್ತಿ ಒಂದು ಜಾಮೀನಿನ ಹೆಸರು ಹೇಳಿದರೆ, ನಾನು ಆ ಜಾಮೀನುದಾರನ ಊರಿಗೆ ಹೋಗಬೇಕು. ಅಡುಗೆಯ ಹೊತ್ತಿಗೆ ಹೋಗಬೇಕು. ಯಾರು, ಏನು ಎಂದು ಹೇಳದೆ ದಾರಿಹೋಕನ ಹಾಗೆ ಬಾಗಿಲಲ್ಲಿ ನಿಂತು ನೀರು ಕೇಳಬೇಕು. ಯಾವ ಲೋಟ, ತೊಳೆದು ಕೊಟ್ಟರೋ ಹಾಗೇ ಕೊಟ್ಟರೋ, ಒಳಗಿಂದ ಯಾರ ದನಿ ಜೋರು, ಒಲೆಯ ಮೇಲೆ ಏನಿದೆ, ಎಲ್ಲಕ್ಕಿಂತ ಮುಖ್ಯ, ಸೌದೆ ಎಷ್ಟು ಒಟ್ಟಿದ್ದಾರೆ, ಇಷ್ಟು ನೋಡಿಕೊಂಡು ಬರಬೇಕು. ಮಳೆಗಾಲಕ್ಕೆ ಮೊದಲೇ ಸೌದೆ ಒಟ್ಟಿಕೊಂಡ ಮನೆ ಕಂತು ತಪ್ಪಿಸುವುದಿಲ್ಲ ಎಂಬುದು ಅತ್ತೆಯ ಶಾಸ್ತ್ರ. ದಿನದಿನದ ಸೌದೆ ದಿನದಿನ ಹುಡುಕುವವರ ಕೈಯಲ್ಲಿ ತಿಂಗಳ ಕೊನೆಗೆ ಏನೂ ಇರುವುದಿಲ್ಲ. ಒಮ್ಮೆ ಶ್ರೀನಿವಾಸಪುರದ ಮಾವಿನ ತೋಟದವರ ಮನೆಯೊಂದರಲ್ಲಿ ನೀರು ಕೇಳಿದರೆ ಬೆಳ್ಳಿ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಭಾರಿ ಕುಳ ಎಂದು ಬಂದು ವರದಿ ಒಪ್ಪಿಸಿದೆ. ಅತ್ತೆ ಆ ಮನೆ ಬೇಡ ಅಂದಳು.

"ನಿನ್ನಂಥ ಪಡ್ಡೆಗೆ ಬೆಳ್ಳಿ ಲೋಟ ಯಾಕ್ ತೋರಿಸ್ಬೇಕ್ಲಾ? ತೋರಿಸೋಕೆ ಅಂತ ಇಟ್ಟವ್ರೆ. ಇರೋರು ಒಳಗಿಡ್ತಾರೆ."

ಆರು ತಿಂಗಳಿಗೆ ಆ ಮನೆಯ ಯಜಮಾನ ಊರವರ ದುಡ್ಡು ನುಂಗಿ ಕುಪ್ಪಂ ಕಡೆ ಹೋದ. ಇದನ್ನು ನಾನೇ ಮೊದಲು ಕಂಡುಹಿಡಿದೆ ಎಂದು ಮುಂದೆ ಮೂವತ್ತು ವರ್ಷ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಈಗ ನಿಜ ಹೇಳಿದ್ದಾಯಿತು.

ವರದಿ ಒಪ್ಪಿಸುವುದು ಸಂಜೆ ಉಣ್ಣುವಾಗ. ಅತ್ತೆ ಮುದ್ದೆ ಕಟ್ಟುತ್ತಾ ಕೇಳುತ್ತಿದ್ದಳು. ವರದಿ ರುಚಿಯಾಗಿದ್ದರೆ ಮುದ್ದೆ ತೆಂಗಿನಕಾಯಿ ಗಾತ್ರ, ಸಪ್ಪೆಯಾಗಿದ್ದರೆ ನಿಂಬೆಹಣ್ಣು. ಸಂಬಳ ಎಂದು ಬೇರೆ ಇರಲಿಲ್ಲ. ಹದಿನಾರು ವರ್ಷದ ಹೊಟ್ಟೆ ಬಹಳ ಬೇಗ ಪಾಠ ಕಲಿಯುತ್ತದೆ. ನೋಡಿದ್ದಕ್ಕೆ ಸ್ವಲ್ಪ ಒಗ್ಗರಣೆ ಹಾಕತೊಡಗಿದೆ. ಒಂದು ಕೋಳಿ ಕಂಡರೆ ಆರು ಅನ್ನುವುದು, ಮುದುಕಿ ಕೆಮ್ಮಿದರೆ ಬೈದಳು ಅನ್ನುವುದು. ಮಾವನ ಅಂಗಿ ಜೇಬಿನ ಬಾಯಿ ಹೊಲಿದು ಅವನನ್ನು ಬಸ್ಸಿನಲ್ಲಿ ಚಿಲ್ಲರೆಗೆ ಪರದಾಡಿಸಿದ್ದೂ ಆ ದಿನಗಳಲ್ಲೇ. ಕಂಡಕ್ಟರಾಗಿದ್ದವನೇ ಟಿಕೆಟ್ಟಿಗೆ ದುಡ್ಡಿಲ್ಲದೆ ನಿಂತದ್ದು ಊರಿಗೆಲ್ಲ ಗೊತ್ತಾಯಿತು. ಮಾವ ಹೊಡೆಯಲಿಲ್ಲ. ಹೊಲಿಗೆ ನೀಟಾಗಿದೆ ಅಂದ.

ಹೀಗೆ ಹೊಟ್ಟೆ ತುಂಬಿ ಕೊಬ್ಬಿದ್ದಾಗ ವೆಂಕಟೇಶಣ್ಣ ಚೀಟಿ ಎತ್ತಿದ. ನಂಗಲಿಯ ಲಾರಿ ಡ್ರೈವರು. ಹುಡುಗನಾಗಿದ್ದಾಗ ಕ್ಲೀನರಾಗಿ ಸೇರಿ ಸ್ಟಿಯರಿಂಗಿಗೆ ಬಂದವನು. ದಾರಿಯಲ್ಲಿ ಕಂಡರೆ ನನ್ನನ್ನು ಹತ್ತಿಸಿಕೊಂಡು ಹಾರ್ನ್ ಒತ್ತಲು ಬಿಡುತ್ತಿದ್ದ. ಅವನು ಓಡಿಸುತ್ತಿದ್ದ ಹಳೆಯ ಲಾರಿಯಲ್ಲಿ ಮಾಲೀಕ ಅರ್ಧ ಪಾಲು ಮಾರುತ್ತಿದ್ದ. ಶನಿವಾರ ಸಂಜೆಯೊಳಗೆ ಹಣ ಕೊಟ್ಟರೆ ವೆಂಕಟೇಶಣ್ಣನಿಗೆ, ಇಲ್ಲದಿದ್ದರೆ ಪಲಮನೇರಿನವರಿಗೆ. ಅದಕ್ಕಾಗಿ ಭಾನುವಾರದ ಕೂಗಿನಲ್ಲಿ ಬಹಳ ಬಿಟ್ಟುಕೊಟ್ಟು ಚೀಟಿ ಹಿಡಿದಿದ್ದ. ಜಾಮೀನಿಗೆ ತನ್ನ ಅಕ್ಕನ ಗಂಡ ಚೌಡಪ್ಪನ ಹೆಸರು ಹೇಳಿದ. ರಾಗಿ, ಹಿಪ್ಪುನೇರಳೆ ಬೆಳೆಯುವ ರೈತ. ನಂಗಲಿಯಲ್ಲಿ ಬಸ್ಸಿಳಿದು ಒಂದು ಗಂಟೆ ನಡೆದರೆ ಅವನ ಊರು.

ಮಂಗಳವಾರ ಹೊರಟೆ. ನಂಗಲಿಯಲ್ಲಿ ಇಳಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಹೆದ್ದಾರಿಯ ಟೀ ಅಂಗಡಿಯಲ್ಲಿ ಲಾರಿಯವರು ಇಸ್ಪೀಟು ಹಾಕಿದ್ದರು. ಸಂಜೆಯವರೆಗೆ ಅಲ್ಲೇ ಕೂತು ಅವರ ಆಟ ನೋಡಿ ವಾಪಸ್ ಬಸ್ ಹತ್ತಿದೆ. ಬಸ್ಸಿನಲ್ಲಿ ವರದಿ ಕಟ್ಟಿದೆ. ವೆಂಕಟೇಶಣ್ಣನಿಗೆ ಒಳ್ಳೆಯದಾಗಲಿ ಎಂದೇ ಧಾರಾಳವಾಗಿ ಕಟ್ಟಿದೆ, ದೇವರಾಣೆ.

"ಎರಡು ಒಲೆ ಉರೀತಿತ್ತು ಅತ್ತೆ. ಒಂದರ ಮೇಲೆ ಕೋಳಿ ಸಾರು. ಬೀದಿಗೆಲ್ಲಾ ಘಮ ಘಮ."

ಅತ್ತೆಯ ಕೈ ಮುದ್ದೆಯ ಮೇಲೆ ನಿಂತಿತು.

"ಮಂಗಳವಾರ ಕೋಳಿಯಾ? ನೆಂಟರು ಬಂದಿದ್ರಾ?"

"ಇಲ್ಲ. ಸುಮ್ನೆ. ಅವರ ಮನೇಲಿ ದಿನಾ ಹಿಂಗೇ ಅಂತೆ."

"ಸೌದೆ?"

ಸೌದೆಯ ವಿಷಯ ಬಸ್ಸಿನಲ್ಲಿ ಯೋಚಿಸಿರಲಿಲ್ಲ. ಕೋಳಿ ಇದ್ದಮೇಲೆ ಸೌದೆ ಯಾರಿಗೆ ಬೇಕು ಎಂದು ಬಿಟ್ಟಿದ್ದೆ. ಬಾಯಿಗೆ ಬಂದದ್ದು ಅಂದೆ.

"ತೆಂಗಿನ ಗರಿ ಉರಿಸ್ತಿದ್ರು. ಬುಸ್ ಅಂತ ಉರೀತಿತ್ತು."

ಮುದ್ದೆ ತೆಂಗಿನಕಾಯಿ ಗಾತ್ರವೇ ಬಂತು. ಬುಧವಾರ ಬೆಳಿಗ್ಗೆ ವೆಂಕಟೇಶಣ್ಣ ಬಂದ. ನಾನು ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದೆ.

"ಮನೆ ನೋಡಿದ್ದಾಯ್ತು ವೆಂಕಟೇಶ. ನಿಮ್ ಭಾವ ಆಗಲ್ಲ. ಶನಿವಾರದೊಳಗೆ ಬೇರೆ ಜಾಮೀನು ತಗೊಂಬಾ. ಇಲ್ಲಾಂದ್ರೆ ಚೀಟಿ ತಿರ್ಗ ಕೂಗ್ತೀನಿ."

"ಯಾಕಕ್ಕ? ನಮ್ ಭಾವ ಒಬ್ರತ್ರ ಕೈ ಚಾಚಿದೋನಲ್ಲ. ನಂಗೆ ಬೇರೆ ಯಾರವ್ರೆ? ಡ್ರೈವರಿಗೆ ಯಾರ್ ನಿಂತ್ಕೋತಾರೆ?"

"ಯಾಕೆ ಅಂತ ನಾನು ಹೇಳಲ್ಲಪ್ಪ. ಹೇಳಿದ್ರೆ ಮುಂದಿನ್ ಸಲ ಅದೊಂದನ್ನ ಸರಿ ಮಾಡಿ ತೋರಿಸ್ತಾರೆ."

ಅವನು ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತು, ಚಪ್ಪಲಿ ಮೆಟ್ಟಿ ಹೊರಟ. ನನ್ನ ತಲೆಯ ಮೇಲೆ ಕೈಯಾಡಿಸಿಯೇ ಹೋದ. ನನ್ನ ಬಾಯಲ್ಲಿ ಹಲ್ಲುಪುಡಿ ಇತ್ತು, ಅದೇ ನೆಪವಾಗಿ ಏನೂ ಹೇಳಲಿಲ್ಲ. ಹೇಳಿದರೆ ನನ್ನ ವರ್ಷ ಮುಗಿದಂತೆ. ಅಪ್ಪ ಬಂದು ಮಾಲೂರಿನ ಬಸ್ಸು ಹತ್ತಿಸುತ್ತಾನೆ. ಗುರುವಾರವೂ ಹೀಗೇ ಕಳೆಯಿತು. ವೆಂಕಟೇಶಣ್ಣ ಜಾಮೀನಿಗಾಗಿ ಊರೂರು ಅಲೆಯುತ್ತಿರುವ ಸುದ್ದಿ ಮಾವ ತಂದ. ಶುಕ್ರವಾರ ನನಗೆ ನನ್ನ ಎಂದಿನ ಬುದ್ಧಿಯೇ ಓಡಿತು. ಈಗ ಹೋಗಿ ನೋಡಿಬಂದರಾಯಿತು, ಯಾರಿಗೆ ಗೊತ್ತು, ಅವರು ನಿಜವಾಗಿಯೂ ಕೋಳಿ ತಿನ್ನುವವರೇ ಆಗಿದ್ದರೆ ನಾನು ಹೇಳಿದ್ದು ಸುಳ್ಳೇ ಅಲ್ಲವಲ್ಲ.

ಒಂದು ಗಂಟೆ ನಡೆದೆ. ಚೌಡಪ್ಪನ ಮನೆ ಊರ ಕೊನೆಯಲ್ಲಿ. ದೂರದಿಂದಲೇ ಕಂಡಿತು. ಪಕ್ಕದ ಗೋಡೆಯುದ್ದಕ್ಕೂ ಸೂರು ಮುಟ್ಟುವಷ್ಟು ಸೌದೆ ಒಟ್ಟಿತ್ತು, ಒಂದೇ ಅಳತೆಗೆ ಸೀಳಿದ್ದು, ಮೇಲೆ ಹಳೆಯ ಗೋಣಿ ಹೊದಿಸಿದ್ದು. ಸೌದೆಯ ಸಂದಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಆ ಮನೆಯಲ್ಲಿ ನನಗೆ ಕಂಡ ಕೋಳಿ ಅದೊಂದೇ. ವೆಂಕಟೇಶಣ್ಣನ ಅಕ್ಕ ಲಕ್ಷ್ಮಮ್ಮ ಹೊರಗೆ ಬಂದಳು. ನೀರು ಕೇಳಿದೆ. ಅಲ್ಯೂಮಿನಿಯಂ ಲೋಟವನ್ನು ಎರಡು ಸಲ ತೊಳೆದು ತುಂಬಿಕೊಟ್ಟಳು, ಜೊತೆಗೆ ಒಂದು ಚೂರು ಬೆಲ್ಲ.

"ಬಿಸ್ಲಾಗ್ ಬಂದಿದ್ದೀಯ. ನಿಂತ್ಕೊಂಡ್ ಕುಡೀಬೇಡ, ಕೂತ್ಕೊಳಪ್ಪ. ಯಾವೂರು?"

"ಇಲ್ಲೇ, ನಂಗಲಿ ಕಡೆ."

"ಮುಳಬಾಗಿಲಿಂದ ಯಾರಾನಾ ಹೊಸಬ್ರು ಬಂದಿದ್ದು ನೋಡಿದ್ಯಾ ನೀನು? ಚೀಟಿಯೋರು ನಮ್ಮನೆ ನೋಡ್ಕೊಂಡ್ ಹೋದ್ರಂತೆ. ನಾನು ಇಲ್ಲೇ ಇದ್ದೆ, ಯಾರೂ ಬಂದಿಲ್ಲ. ಏನ್ ಕುಂದು ಕಂಡ್ರೋ ಏನೋ. ನಮ್ಮ ಯಜಮಾನ್ರು ಮೂರು ದಿನದಿಂದ ಮನೆ ಸುತ್ತ ಸುತ್ತಿ ನೋಡ್ತಾವ್ರೆ."

ಹಿಂದುಗಡೆ ಯಾರೋ ಸುಣ್ಣ ಬಳಿಯುತ್ತಿದ್ದರು. ನೋಡಿದರೆ ಚೌಡಪ್ಪ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹಿತ್ತಿಲ ಗೋಡೆಗೆ ಸುಣ್ಣ. ನನ್ನ ಜೀವನದಲ್ಲಿ ನಾನು ಬಹಳ ಜನರನ್ನು ಏಮಾರಿಸಿ ನಕ್ಕಿದ್ದೇನೆ. ಆ ಮನುಷ್ಯ ಬ್ರಶ್ಶು ಅದ್ದಿ ಅದ್ದಿ, ಇಲ್ಲದ ಕುಂದನ್ನು ಹುಡುಕಿ ಮುಚ್ಚುತ್ತಿದ್ದುದು ನೋಡಿ ಮಾತ್ರ ನಗು ಬರಲಿಲ್ಲ. ಬೆಲ್ಲ ಜೇಬಿಗೆ ಹಾಕಿಕೊಂಡು ಬಂದೆ.

ಸಂಜೆ ಅತ್ತೆ ಹುರುಳಿ ಸಾರು ಬಿಡುತ್ತಿದ್ದಳು. ನಾನು ತಟ್ಟೆ ನೋಡಿಕೊಂಡೇ ಹೇಳಿದೆ. ಮಂಗಳವಾರ ಹೋಗಿರಲಿಲ್ಲ, ಇವತ್ತು ಹೋಗಿದ್ದೆ, ಕೋಳಿ ಸುಳ್ಳು, ಗರಿ ಸುಳ್ಳು, ಸೌದೆ ಸೂರಿನವರೆಗೆ ಇದೆ. ಅತ್ತೆಗೆ ವಿಪರೀತ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಏಮಿರಾ ನುವ್ವು," ಅಂದಳು, ಏನೋ ನೀನು ಎಂದು. ಮಾವ ಕೈ ತೊಳೆದು ಬಂದು ಅವಳ ಕಡೆ ತಿರುಗಿದ.

"ನೀನೇ ಕಲ್ಸಿದ್ದು. ಬಣ್ಣ ಕಟ್ಟಿದಾಗೆಲ್ಲಾ ದೊಡ್ ಮುದ್ದೆ ಹಾಕ್ದೆ. ನಿಜ ಹೇಳ್ದಾಗ ನಿಂಬೆಹಣ್ಣು."

ಅತ್ತೆ ಸಾರಿನ ಪಾತ್ರೆ ಕೆಳಗಿಟ್ಟಳು. ನನ್ನ ಕಡೆ ತಿರುಗಿ ಕೇಳಿದಳು.

"ಸೌದೆ ಐತೆ ಅಂತೀಯ. ಮೊನ್ನೆ ಇಲ್ಲ ಅಂದೆ. ಎರಡೂ ಒಂದೇ ಬಾಯಿ. ಯಾವ್ದನ್ ನಂಬ್ಲಿ?"

ಜೇಬಿನಿಂದ ಆ ಬೆಲ್ಲದ ಚೂರು ತೆಗೆದು ತಟ್ಟೆಯ ಪಕ್ಕ ಇಟ್ಟೆ. ಅವರ ಮನೆಯದು ಅಂದೆ. ನೀರಿನ ಜೊತೆ ಕೊಟ್ಟದ್ದು. ಅತ್ತೆ ಅದನ್ನು ನೋಡಿದಳು, ಮುಟ್ಟಲಿಲ್ಲ.

"ನಿನ್ ಮಾತಿಗೆ ನೀನೇ ಜಾಮೀನು ನಿಂತ್ಕೋ. ಅವನ ಚೀಟಿ ಮುಗಿಯೋಕೆ ಇನ್ನೂ ಹನ್ನೊಂದು ತಿಂಗಳೈತೆ. ಅಲ್ಲೀಗಂಟ ನಿಂಗೆ ಬೇರೆ ಮನೆ ನೋಡೋ ಕೆಲ್ಸ ಇಲ್ಲ. ಮಾವನ ಪಕ್ಕ ಕೂತು ಪುಸ್ತಕ ಬರಿ. ಪ್ರತಿ ತಿಂಗಳು ಆ ಒಂದು ಕಂತು ಮಾತ್ರ ನೀನೇ ನಡ್ಕೊಂಡ್ ಹೋಗಿ ತರ್ಬೇಕು. ಒಂದು ತಪ್ಪಿದ್ರೂ ಮಾಲೂರು."

ಶನಿವಾರ ಬೆಳಿಗ್ಗೆ ವೆಂಕಟೇಶಣ್ಣನನ್ನೂ ಚೌಡಪ್ಪನನ್ನೂ ಕರೆಸಿದಳು. ಚೌಡಪ್ಪನ ಉಗುರುಗಳಲ್ಲಿ ಇನ್ನೂ ಸುಣ್ಣವಿತ್ತು. ಅತ್ತೆ ಬೆಲ್ಲದ ಉಂಡೆಯನ್ನು ಎರಡಲ್ಲ, ಮೂರು ಮಾಡಿದಳು. ಮೂರನೆಯದು ನನ್ನ ಕೈಗೆ.

"ಈ ಹುಡ್ಗ ಯಾಕಕ್ಕ?" ಅಂದ ವೆಂಕಟೇಶಣ್ಣ.

"ಅವನನ್ನೇ ಕೇಳು."

ಅಷ್ಟು ಹೊತ್ತಿನಲ್ಲಿ ನಾನು ಹತ್ತು ಕತೆ ಕಟ್ಟಬಲ್ಲವನು. ಒಂದೆರಡು ಬಾಯಿಗೂ ಬಂದಿದ್ದವು. ಚೌಡಪ್ಪನ ಉಗುರು ನೋಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಚೌಡಪ್ಪ ಬಾಯಿಗೆ ಹಾಕಿಕೊಂಡ ಬೆಲ್ಲವನ್ನು ಅಗಿಯುವುದು ನಿಲ್ಲಿಸಿ, ಮತ್ತೆ ಅಗಿದ. ವೆಂಕಟೇಶಣ್ಣ ಹಣ ಎಣಿಸದೆ ಟವೆಲ್ಲಿಗೆ ಕಟ್ಟಿಕೊಂಡ.

"ಕೋಳಿ ಸಾರಾ? ನಮ್ಮಕ್ಕ ಕೋಳಿ ಕುಯ್ದು ಒಂದ್ ವರ್ಷ ಆಯ್ತು ಕಣ್ಲಾ. ಮೊಟ್ಟೇನೂ ಮಾರ್ತಾಳೆ."

ಅಷ್ಟೇ ಅಂದ. ಸಂಜೆಗೆ ಅರ್ಧ ಲಾರಿ ಅವನದಾಯಿತು. ಆಮೇಲೆ ದಾರಿಯಲ್ಲಿ ಕಂಡರೆ ಹತ್ತಿಸಿಕೊಳ್ಳುತ್ತಿದ್ದ, ಹಾರ್ನ್ ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ.

ಹನ್ನೊಂದು ತಿಂಗಳು ಮಾವನ ಪಕ್ಕ ಕೂತು ಜಮೆ, ಖರ್ಚು, ಬಾಕಿ ಬರೆದೆ. ನನ್ನ ಮುಂದಿನ ಬದುಕಿಗೆ ಅನ್ನ ಹಾಕಿದ ಲೆಕ್ಕದ ವಿದ್ಯೆ ನಾನು ಕಲಿತದ್ದು ಶಿಕ್ಷೆಯಾಗಿ. ಅತ್ತೆಯ ಮನೆಯಲ್ಲಿ ಅದು ಕೀಳು ಕೆಲಸ. ನಂಬಿಕೆ ಕಳಕೊಂಡವರು ಮಾಡುವಂಥದ್ದು. ಮಾವ ಯಾವಾಗ ಏನು ಮಾಡಿ ಆ ಕುರ್ಚಿಗೆ ಬಂದಿದ್ದ ಎಂದು ಕೇಳಿದೆ. ಜೇಬು ಹೊಲಿದವನಿಗೆ ಹೇಳಲ್ಲ ಅಂದ. ಆ ಶುಕ್ರವಾರದಿಂದ ಅಡುಗೆಮನೆಯಲ್ಲಿ ಮುದ್ದೆಗಳೆಲ್ಲ ಒಂದೇ ಗಾತ್ರವಾದವು, ಏನು ಹೇಳಿದರೂ, ಹೇಳದಿದ್ದರೂ. ತಿಂಗಳಿಗೊಮ್ಮೆ ನಂಗಲಿಯಲ್ಲಿ ಇಳಿದು, ಟೀ ಅಂಗಡಿಯ ಕಡೆ ತಿರುಗದೆ, ನಡೆದೆ. ಲಾರಿಯ ಮೇಲೆ ಊರೂರು ತಿರುಗುವ ವೆಂಕಟೇಶಣ್ಣ ಕಂತನ್ನು ಅಕ್ಕನ ಮನೆಯಲ್ಲಿ ಇಟ್ಟು ಹೋಗಿರುತ್ತಿದ್ದ. ಒಂದು ತಿಂಗಳು ಲಾರಿಯ ಟೈರು ಸಿಡಿದು ಕಂತು ಬರಲಿಲ್ಲ. ಮಾಲೂರು ಕಣ್ಣ ಮುಂದೆ ಬಂತು. ಚೌಡಪ್ಪ ಒಳಗೆ ಹೋಗಿ ರೇಷ್ಮೆಗೂಡು ಮಾರಿದ ಹಣದಿಂದ ತೆಗೆದುಕೊಟ್ಟ. ಲಕ್ಷ್ಮಮ್ಮ ಪ್ರತಿ ಸಲವೂ ನೀರು ಕೊಡುತ್ತಿದ್ದಳು, ನಾನು ಕೇಳುವ ಮೊದಲೇ. ಬೆಲ್ಲ ಮಾತ್ರ ಕೊಡುತ್ತಿರಲಿಲ್ಲ.

ಕೊನೆಯ ಕಂತಿಗೆ ಮಂಗಳವಾರವೇ ಬಾ ಎಂದು ಹೇಳಿ ಕಳಿಸಿದ್ದಳು. ಹೋದೆ. ಬೀದಿಯ ತಿರುವಿನಲ್ಲೇ ವಾಸನೆ ಹೊಡೆಯಿತು. ಒಳಗೆ ಎರಡು ಒಲೆ ಉರಿಯುತ್ತಿತ್ತು. ಒಂದರ ಮೇಲೆ ಕೋಳಿ ಸಾರು. ನನ್ನನ್ನು ಕೂರಿಸಿ ಬಡಿಸಿದಳು. ಬೆವರಿಳಿಯುವವರೆಗೆ ತಿಂದೆ. ಹೊರಡುವಾಗ ಕಂತಿನ ಜೊತೆ ಒಂದು ಕ್ಯಾರಿಯರ್ ಕೈಗಿಟ್ಟಳು.

"ಬಾಯಲ್ ಹೇಳ್ಬೇಡ, ನಿಮ್ಮತ್ತೆ ನಂಬಲ್ಲ. ತಗೊಂಡ್ ಹೋಗಿ ಮುಂದೆ ಇಡು."

ಕುಚೋದ್ಯದಲ್ಲಿ ನನ್ನನ್ನು ಮೀರಿಸಿದವರು ಇಡೀ ಕೋಲಾರ ಜಿಲ್ಲೆಯಲ್ಲಿ ಅವಳೊಬ್ಬಳೇ. ಸಂಜೆ ಕ್ಯಾರಿಯರನ್ನು ಅತ್ತೆಯ ಮುಂದೆ ಇಟ್ಟೆ. ಅತ್ತೆ ಮಂಗಳವಾರ ಮಾಂಸ ಮುಟ್ಟುವವಳಲ್ಲ. ಮುಚ್ಚಳ ತೆಗೆದು ನೋಡಿ, ಮುಚ್ಚಿದಳು. ಮಾವ ಮುಚ್ಚಳದ ಕಡೆಯೇ ನೋಡುತ್ತಿದ್ದ.

"ಎಷ್ಟು ಒಲೆ?"

"ಎರಡು."

"ಗರಿನಾ?"

"ಸೌದೆ. ಹೋದ್ ವರ್ಷದ್ ಮುಗ್ದಿಲ್ಲ, ಈ ವರ್ಷದ್ದೂ ಒಟ್ಟವ್ರೆ."

ಅತ್ತೆ ಮುದ್ದೆ ಹಾಕಿದಳು. ಎಂದಿನ ಗಾತ್ರವೇ. ಸಾರು ಬಿಟ್ಟು, ಸೌಟನ್ನು ಪಾತ್ರೆಯ ಅಂಚಿಗೆ ಒರೆಸುತ್ತಾ ಹೇಳಿದಳು.

"ನಾಳೆ ಶ್ರೀನಿವಾಸಪುರದ ಕಡೆ ಒಂದು ಮನೆ ಐತೆ. ನೋಡ್ಕೊಂಡ್ ಬಾ."

ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಬಾಗಿಲಲ್ಲಿ ನಿಂತು ನೀರು ಕೇಳಿದೆ. ತಂದುಕೊಟ್ಟರು. ಕೂತುಕೊಂಡು ಕುಡಿದೆ.